ಶಿಕ್ಷೆಯಿಂದ ಶಿಕ್ಷಣಕ್ಕೆ: ಪಾಲಕರಿಗೂ ಒಂದು ಪಾಠ

ಉಪೋದ್ಘಾತ

ಶಬ್ದಗಳ ಅರ್ಥವು ಕಾಲಕ್ರಮದಲ್ಲಿ ವಿಸ್ತಾರವಾಗುವುದುಂಟು, ಸಂಕುಚಿತವಾಗುವುದೂ ಉಂಟು. ‘ಶಿಕ್ಷೆ’ ಎಂಬ ಶಬ್ದಕ್ಕೆ ಒದಗಿದ ಗತಿ ಇವೆರಡಕ್ಕಿಂತಲೂ ಭಿನ್ನವಾದುದು. ಸಂಸ್ಕೃತದ ‘ಶಿಕ್ಷ್’ ಧಾತುವಿಗೆ ವಿದ್ಯೆಯನ್ನು ಪಡೆಯುವುದೆಂದು ಅರ್ಥ. ವೇದಾಂಗಗಳಾರರಲ್ಲಿ ಶಿಕ್ಷಾ ಎಂಬುದು ಒಂದು. ಅದು ವರ್ಣಗಳ ಶುದ್ಧೋಚ್ಚಾರಣೆಯನ್ನು ಕಲಿಸುವ ಶಾಸ್ತ್ರ. ಕನ್ನಡ ಶಾಸನಗಳಲ್ಲಿ ಕಂಡುಬರುವ ‘ಬಾಲಶಿಕ್ಷೆ’, ‘ಅಕ್ಷರಶಿಕ್ಷೆ’ ಎಂಬ ಪ್ರಯೋಗಗಳಲ್ಲಿಯೂ ಕಲಿಸುವುದೆಂಬ ಅರ್ಥವೇ ಮುಖ್ಯ. ಆದರೆ ಇಂದಿನ ಬಳಕೆಯಲ್ಲಿ ಶಿಕ್ಷೆಯೆಂದರೆ ದಂಡನೆ. ಕಲಿಸುವುದನ್ನು ಹೇಳಬೇಕಾದರೆ ‘ಶಿಕ್ಷಣ’ ಎಂಬ ಬೇರೆ ರೂಪವನ್ನು ಆಶ್ರಯಿಸಬೇಕಾಗಿದೆ. ಕಲಿಸುವುದೂ ಹೊಡೆಯುವುದೂ ಒಂದೇ ಎಂದು ಜನಮನಸ್ಸು ಎಷ್ಟೋ ಕಾಲದಿಂದ ನಂಬಿ ಬಂದುದಕ್ಕೆ ಈ ಶಬ್ದವೇ ಸಾಕ್ಷಿ.

ಶಾಲೆಯ ಮಟ್ಟಿಗೆ ಈ ನಂಬಿಕೆ ಸಡಿಲವಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತವಿಲ್ಲದೆ ಕಲಿಸುವುದು ಹೇಗೆಂಬುದನ್ನು ಉಪಾಧ್ಯಾಯರು ತರಬೇತಿ ಪಡೆದು ಅರಿತುಕೊಂಡರು. ಆದರೆ ಮನೆಯ ಸಂಗತಿ ಹಾಗಿಲ್ಲ. ಉಪಾಧ್ಯಾಯನಾಗಬೇಕಾದರೆ ಎರಡು ವರ್ಷ ತರಬೇತಿ ಬೇಕು. ತಾಯಿಯೋ ತಂದೆಯೋ ಆಗುವುದಕ್ಕೆ ಯಾವ ತರಬೇತಿಯೂ ಇಲ್ಲ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಹೊರಟ ಶಿಷ್ಯನಿಗೆ ತಾಯಿತಂದೆಗಳನ್ನು ದೇವರೆಂದು ಕಾಣಬೇಕೆಂಬ ಉಪದೇಶವುಂಟು. ಆ ಶಿಷ್ಯನೇ ಮುಂದೆ ತಂದೆಯಾದಾಗ ಮಗುವನ್ನು ಹೇಗೆ ಕಾಣಬೇಕೆಂಬುದನ್ನು ಅವನಿಗೆ ಹೇಳಿಕೊಡುವವರು ಯಾರು? ಸಂಕಟಕ್ಕೆ ಸಿಕ್ಕಿದ ಕುಟುಂಬಗಳ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ತಾಲ್ಲೂಕುಗಳ ನೆಲೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ವಿದ್ಯಾದಾನದಲ್ಲಿ ಪ್ರಾಚೀನ ಕೀರ್ತಿಯುಳ್ಳ ಸೀಮೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿದ್ದ ಕೋಡಿಯ ಮಠವನ್ನು ಕ್ರಿ.ಶ. 1162ರ ಶಾಸನವು ವರ್ಣಿಸುವ ರೀತಿ ಗಮನಾರ್ಹವಾಗಿದೆ. ಅದು ವೇದ, ವ್ಯಾಕರಣ, ದರ್ಶನಗಳ ಅಧ್ಯಯನಸ್ಥಾನವಾಗಿತ್ತು. ಅಷ್ಟೇ ಅಲ್ಲ, ದೀನರಿಗೆ, ಅನಾಥರಿಗೆ, ಅಂಗವಿಕಲರಿಗೆ ಅನ್ನವಿಕ್ಕುವ ಸ್ಥಾನವೂ ರೋಗಿಗಳಿಗೆ ಔಷಧೋಪಚಾರ ಮಾಡುವ ಸ್ಥಾನವೂ ಆಗಿತ್ತು. ಜ್ಞಾನದಾನ, ಅನ್ನದಾನ, ಔಷಧದಾನಗಳು ಒಂದೇ ಚಾವಣಿಯ ಕೆಳಗೆ ನಡೆಯತಕ್ಕವು ಎಂಬ ತಿಳಿವಳಿಕೆ ಎಂಟುನೂರು ವರ್ಷಗಳ ಹಿಂದೆಯೇ ಈ ನೆಲದಲ್ಲಿತ್ತು.

ಇಂದಿನ ಜೀವನಕ್ರಮವಾದರೋ ಬೇರೆ. ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿಗಳ ಈ ಸೀಮೆಯಲ್ಲಿ ಜಮೀನುಳ್ಳವರ ಮನೆಗಳಿರುವಂತೆ ದಿನಗೂಲಿಯನ್ನೇ ನೆಚ್ಚಿದ ಮನೆಗಳೂ ಬಹಳ. ಸುಗ್ಗಿಯ ಕಾಲದಲ್ಲಿ, ಅಡಿಕೆ ಸುಲಿಯುವ ಕಾಲದಲ್ಲಿ ತಾಯಿ ನಸುಕಿನಲ್ಲಿ ಹೊರಟರೆ ಮರಳುವುದು ದೀಪ ಹಚ್ಚಿದ ಮೇಲೆ. ತಾಂಡಾಗಳ ಕೆಲವು ಕುಟುಂಬಗಳು ಕೆಲಸವನ್ನರಸಿ ಕಾಫಿ ತೋಟಗಳಿಗೂ ದೂರದ ಪಟ್ಟಣಗಳಿಗೂ ಗುಳೆ ಹೋಗುತ್ತವೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೆ ಶಾಲೆ ಬಿಟ್ಟು ಜೊತೆಯಲ್ಲಿ ಹೋಗುತ್ತಾರೆ. ಕುಡಿತವು ಹೊಕ್ಕ ಮನೆಯಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ.

ದೃಷ್ಟಾಂತಕ್ಕಾಗಿ ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಒಂಬತ್ತು ವರ್ಷದ ಹುಡುಗ. ಶಾಲೆಗೆಂದು ಹೊರಟವನು ಕೆರೆಯ ಏರಿಯ ಮೇಲೆ ಹೊತ್ತು ಕಳೆಯುತ್ತಾನೆ. ಸುದ್ದಿ ತಿಳಿದ ತಂದೆ ಸಂಜೆ ಬಾರುಕೋಲಿನಿಂದ ಹೊಡೆಯುತ್ತಾನೆ. ತಾಯಿ ಅಡ್ಡ ಬಂದರೆ ಅವಳಿಗೂ ಪೆಟ್ಟು. ಮಗ ಇನ್ನಷ್ಟು ಮೊಂಡನಾಗುತ್ತಾನೆ, ಸುಳ್ಳು ಕಲಿಯುತ್ತಾನೆ. ಒಂದು ದಿನ ಮನೆ ಬಿಟ್ಟು ಓಡುತ್ತಾನೆ. ಬಸ್ ನಿಲ್ದಾಣದಲ್ಲಿ ಅವನನ್ನು ಕಂಡವರು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುತ್ತಾರೆ. ಅಲ್ಲಿಂದ ಮುಂದೆ ಆ ಕುಟುಂಬ ಕಾಯಿದೆಯ ಕಣ್ಣಿಗೆ ಬೀಳುತ್ತದೆ.

ಇಂತಹ ಪೆಟ್ಟುಗಳು ಅಪರೂಪವೆಂದು ಭಾವಿಸಲಾಗದು. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿ 2007ರಲ್ಲಿ ಹೊರತಂದ ಅಧ್ಯಯನದಲ್ಲಿ, ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಗೆ ಒಳಗಾಗಿದ್ದರು. ಕುಟುಂಬದೊಳಗಿನ ಹಿಂಸೆಯಲ್ಲಿ ಬಹುಪಾಲು ಹೆತ್ತವರಿಂದಲೇ ಆದುದು.

ಕಾಯಿದೆಯ ಮಾತು

2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿ ಇರತಕ್ಕದ್ದು. ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಸೇರಿದ ಈ ಸಮಿತಿಯ ಮುಂದೆ, ರಕ್ಷಣೆ ಬೇಕಾದ ಮಗುವನ್ನು ಪ್ರಯಾಣಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಹಾಜರುಪಡಿಸಬೇಕು. ಸಮಿತಿ ವಿಚಾರಣೆ ನಡೆಸಿ ಮಗುವನ್ನು ಮನೆಗೆ ಕಳುಹಿಸಬಹುದು, ಬಂಧುಗಳಿಗೆ ಒಪ್ಪಿಸಬಹುದು, ಇಲ್ಲವೆ ಬಾಲಮಂದಿರದಂತಹ ಸಂಸ್ಥೆಯಲ್ಲಿರಿಸಬಹುದು. ಮಗುವಿನ ಮೇಲೆ ಕ್ರೌರ್ಯವೆಸಗಿದವರಿಗೆ 75ನೆಯ ಪ್ರಕರಣದಲ್ಲಿ ಸೆರೆಮನೆ ಮತ್ತು ದಂಡಗಳ ವಿಧಿಯೂ ಇದೆ.

ಆದರೆ ಕಾಯಿದೆಯ ಹೃದಯವಿರುವುದು ಅದರ ಮೂರನೆಯ ಪ್ರಕರಣದ ತತ್ತ್ವಗಳಲ್ಲಿ. ಮಗುವಿನ ಪಾಲನೆ ಮೊದಲು ಕುಟುಂಬದ ಹೊಣೆ. ಸಂಸ್ಥೆಯಲ್ಲಿ ಇರಿಸುವುದು ಬೇರೆ ಯಾವ ದಾರಿಯೂ ಉಳಿಯದಾಗ ಕೊನೆಯ ಉಪಾಯ. ಈ ತತ್ತ್ವ ಕೇವಲ ಭಾವುಕತೆಯಲ್ಲ. ರುಮೇನಿಯ ದೇಶದ ಬುಖಾರೆಸ್ಟ್ ನಗರದಲ್ಲಿ 2000ದಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಅನಾಥಾಲಯಗಳ 136 ಎಳೆಯ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸಾಕುಕುಟುಂಬಗಳಲ್ಲಿರಿಸಿದರು. ಇನ್ನೊಂದು ಗುಂಪು ಸಂಸ್ಥೆಗಳಲ್ಲಿಯೇ ಮುಂದುವರಿಯಿತು. ಕುಟುಂಬವನ್ನು ಸೇರಿದ ಮಕ್ಕಳ ಬುದ್ಧಿಯೂ ಭಾವಬಂಧವೂ ಹೆಚ್ಚು ಚೆನ್ನಾಗಿ ಬೆಳೆದವು. ಎರಡು ವರ್ಷ ತುಂಬುವ ಮೊದಲೇ ಸೇರಿದವರಲ್ಲಿ ಫಲ ಇನ್ನೂ ಮಿಗಿಲಾಗಿತ್ತು. ಅನ್ನ, ಬಟ್ಟೆ, ಹಾಸಿಗೆಗಳಿದ್ದರೂ ತನ್ನವರೆಂಬ ಒಬ್ಬರಿಲ್ಲದಿದ್ದರೆ ಮಗು ಸೊರಗುತ್ತದೆಂಬುದು ಅದರಿಂದ ಸಿದ್ಧವಾಯಿತು.

ಆದ್ದರಿಂದ ಸಮಿತಿ ಆ ಹುಡುಗನನ್ನು ಮನೆಗೆ ಕಳುಹಿಸಲು ಬಯಸುವುದು ಸಹಜ. ತಂದೆಯಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಇನ್ನು ಮುಂದೆ ಹೊಡೆಯಬಾರದೆಂದು ಬುದ್ಧಿ ಹೇಳುತ್ತಾರೆ. ತಂದೆ ಒಪ್ಪುತ್ತಾನೆ, ಆ ಕ್ಷಣಕ್ಕೆ ಅವನು ಒಪ್ಪುವುದು ನಿಜವೂ ಹೌದು. ಆದರೆ ಮರುವಾರ ಮಗ ಮತ್ತೆ ಶಾಲೆ ತಪ್ಪಿಸಿದಾಗ ಮಾಡಬೇಕಾದುದೇನು? ಹೊಡೆಯಬಾರದೆಂಬುದನ್ನು ಅವನಿಗೆ ಹೇಳಿಯಾಯಿತು. ಹೊಡೆಯುವುದರ ಬದಲು ಏನು ಮಾಡಬೇಕೆಂಬುದನ್ನು ಯಾರೂ ಹೇಳಿಕೊಟ್ಟಿಲ್ಲ. ಮಗುವನ್ನು ಮನೆಗೆ ಮರಳಿಸುವುದು ಸುಲಭ. ಮರಳುವ ಮಗುವಿಗೆ ತಕ್ಕಂತೆ ಮನೆಯನ್ನು ಸಿದ್ಧಪಡಿಸುವುದು ಕಷ್ಟ. ಪಾಲಕ ಶಿಕ್ಷಣದ ಅವಶ್ಯಕತೆ ಹುಟ್ಟುವುದು ಇಲ್ಲಿಯೇ.

ಪ್ರಮಾಣ ವಿಚಾರ

ಪಾಲಕರಿಗೆ ಬುದ್ಧಿಮಾತು ಹೇಳುವವರಿಗೆ ಯಾವ ಕಾಲದಲ್ಲಿಯೂ ಕೊರತೆಯಿಲ್ಲ. ಐದು ವರ್ಷ ಮುದ್ದಿಸು, ಹತ್ತು ವರ್ಷ ದಂಡಿಸು, ಹದಿನಾರಾದ ಮೇಲೆ ಗೆಳೆಯನಂತೆ ಕಾಣು ಎಂಬ ನೀತಿವಾಕ್ಯ ಪ್ರಸಿದ್ಧವಾದುದು. ದಂಡಕ್ಕೆ ಹತ್ತು ಗುಣಗಳುಂಟೆಂಬ ಮಾತೂ ಇದೆ. ಇದಕ್ಕೆ ವಿರುದ್ಧವಾಗಿ ಮಕ್ಕಳನ್ನು ಗದರಿಸಲೇಬಾರದೆನ್ನುವವರೂ ಇದ್ದಾರೆ. ಯಾವುದನ್ನು ನಂಬಬೇಕು? ಭಾರತೀಯ ದಾರ್ಶನಿಕರು ಪ್ರಮೇಯವನ್ನು ನಿರ್ಣಯಿಸುವ ಮುನ್ನ ಪ್ರಮಾಣವನ್ನು ನಿರ್ಣಯಿಸುತ್ತಿದ್ದರು. ಪ್ರತ್ಯಕ್ಷ, ಅನುಮಾನ, ಶಬ್ದ ಮುಂತಾದ ಪ್ರಮಾಣಗಳಿಂದ ನಿಲ್ಲದ ಮಾತು ಅವರ ಸಭೆಯಲ್ಲಿ ನಿಲ್ಲುತ್ತಿರಲಿಲ್ಲ. ಪಾಲಕ ಶಿಕ್ಷಣದಲ್ಲಿಯೂ ಅದೇ ನಿಯಮ ಬೇಕು. ಕೇಳುವುದಕ್ಕೆ ಹಿತವಾದ ಉಪದೇಶ ಬೇರೆ, ಒರೆಗೆ ಹಚ್ಚಿ ನಿಜವೆಂದು ಕಂಡ ಕ್ರಮ ಬೇರೆ.

ಪರೀಕ್ಷೆಯಿಂದ ನಿಜ ತಿಳಿಯುವುದೆಂದರೇನೆಂಬುದಕ್ಕೆ ಸೊರಬ ತಾಲ್ಲೂಕಿನಲ್ಲಿಯೇ ಉದಾಹರಣೆಯುಂಟು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಣ ಜನ ವಿಚಿತ್ರ ಜ್ವರದಿಂದ ನರಳಿದರು. ಮೊದಲಿಗೆ ಹಳದಿ ಜ್ವರದ ಸಂದೇಹ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಾಡಿಗೆ ಬಂದು ರಕ್ತವನ್ನೂ ಸತ್ತ ಮಂಗಗಳನ್ನೂ ಉಣುಗುಗಳನ್ನೂ ಪರೀಕ್ಷಿಸಿ, ಇದು ಉಣುಗುಗಳಿಂದ ಹರಡುವ ಹೊಸದೊಂದು ವೈರಸ್ಸೆಂದು ಸಿದ್ಧಪಡಿಸಿದರು. ಊಹೆಯಲ್ಲಿ ನಿಂತಿದ್ದರೆ ‘ಮಂಗನ ಕಾಯಿಲೆ’ಯ ನಿಜ ತಿಳಿಯುತ್ತಿರಲಿಲ್ಲ.

ಮನೆಯ ಸಂಗತಿಯನ್ನು ಪರೀಕ್ಷಿಸುವ ಬಗೆ ಹೀಗೆ: ಒಂದೇ ಬಗೆಯ ಕಷ್ಟದಲ್ಲಿರುವ ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡುವುದು. ಒಂದು ಪಾಲಿಗೆ ತರಬೇತಿ. ಇನ್ನೊಂದಕ್ಕೆ ವಾಡಿಕೆಯ ಸಹಾಯ. ಕೆಲಕಾಲದ ಮೇಲೆ ಎರಡನ್ನೂ ಹೋಲಿಸುವುದು. ಆಯ್ಕೆ ಯಾರ ಇಚ್ಛೆಯೂ ಅಲ್ಲವಾದುದರಿಂದ, ಎರಡು ಪಾಲುಗಳ ನಡುವೆ ಕಾಣುವ ಸ್ಪಷ್ಟವಾದ ವ್ಯತ್ಯಾಸ ತರಬೇತಿಯ ಫಲವೆಂದು ಅನುಮಾನಿಸಲು ಅಡ್ಡಿಯಿಲ್ಲ. ಹೀಗೆ ಗೆದ್ದು ಬಂದ ಕ್ರಮಗಳನ್ನೇ ಪ್ರಮಾಣಸಿದ್ಧ ಕ್ರಮಗಳೆನ್ನುವುದು.

ಒರೆಗೆ ಹಚ್ಚಿದ ಕ್ರಮಗಳು

ಅಮೆರಿಕದ ಆರಿಗನ್ ರಾಜ್ಯದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮನೆಗಳಲ್ಲಿ ತಾಯಿತಂದೆಗಳೂ ಮಕ್ಕಳೂ ನಡೆದುಕೊಳ್ಳುವ ಬಗೆಯನ್ನು ಕ್ಷಣಕ್ಷಣವೂ ಗುರುತು ಹಾಕಿಕೊಂಡು ಅಧ್ಯಯನ ಮಾಡಿದರು. ಅವರು ಕಂಡ ಸತ್ಯ ಯಾವ ಊರಿಗೂ ಅನ್ವಯಿಸುವಂಥದು. ಸಂತೆಯಲ್ಲಿ ಮಗು ಮಿಠಾಯಿಗೆ ಹಟ ಹಿಡಿಯುತ್ತದೆ. ತಾಯಿ ಬೇಡವೆನ್ನುತ್ತಾಳೆ. ಮಗು ಅರಚುತ್ತದೆ, ತಾಯಿ ಗದರಿಸುತ್ತಾಳೆ, ಮಗು ನೆಲಕ್ಕೆ ಬಿದ್ದು ಹೊರಳುತ್ತದೆ, ನಾಚಿಕೆಗೊಂಡ ತಾಯಿ ಕೊಡಿಸಿಬಿಡುತ್ತಾಳೆ. ಅರಚಿದರೆ ಸಿಗುತ್ತದೆಂದು ಮಗು ಕಲಿಯಿತು. ಕೊಟ್ಟರೆ ಸುಮ್ಮನಾಗುತ್ತದೆಂದು ತಾಯಿ ಕಲಿತಳು. ಇನ್ನೊಂದು ದಿನ ಸಿಟ್ಟು ಮಿತಿಮೀರಿ ಎರಡೇಟು ಬಿಗಿದಾಗ ಮಗು ತಟ್ಟನೆ ಸುಮ್ಮನಾಗುತ್ತದೆ. ಹೊಡೆದರೆ ಕೆಲಸವಾಗುತ್ತದೆಂಬ ಪಾಠವೂ ಅವಳಿಗೆ ಆಗುತ್ತದೆ. ಆ ಫಲ ಮರುದಿನಕ್ಕೆ ಉಳಿಯುವುದಿಲ್ಲ. ಆದ್ದರಿಂದ ಪೆಟ್ಟು ದಿನೇ ದಿನೇ ಬಲಿಯುತ್ತದೆ. ಇದು ಯಾರ ದುಷ್ಟತನವೂ ಅಲ್ಲ. ಇಬ್ಬರೂ ಒಬ್ಬರಿಂದೊಬ್ಬರು ಕಲಿತ ತಪ್ಪು ಪಾಠ. ಕಲಿತುದಾದ್ದರಿಂದಲೇ ಅದನ್ನು ಮರೆಸಿ ಬೇರೆ ಪಾಠ ಕಲಿಸಲು ಸಾಧ್ಯ.

1970ರ ದಶಕದಲ್ಲಿ ಶೀಲಾ ಐಬರ್ಗ್ ಎಂಬವರು ಇನ್ನೊಂದು ಕ್ರಮವನ್ನು ರೂಪಿಸಿದರು. ತಾಯಿಯೋ ತಂದೆಯೋ ಮಗುವಿನೊಡನೆ ಕೋಣೆಯಲ್ಲಿ ಆಡುತ್ತಿರುವಾಗ, ಗಾಜಿನ ಆಚೆ ನಿಂತ ಶಿಕ್ಷಕರು ಕಿವಿಗೆ ಸಿಕ್ಕಿಸಿದ ಸಾಧನದ ಮೂಲಕ, ಈಗ ಹೀಗೆ ಹೇಳಿ, ಈಗ ಸುಮ್ಮನಿರಿ, ಈಗ ಮೆಚ್ಚಿ ಮಾತಾಡಿ ಎಂದು ಸೂಚಿಸುತ್ತಾರೆ. ಒಕ್ಲಹೋಮ ರಾಜ್ಯದಲ್ಲಿ ಈ ಕ್ರಮವನ್ನು, ಮಕ್ಕಳನ್ನು ಹೊಡೆದ ದೂರಿನ ಮೇಲೆ ಮಕ್ಕಳ ಕಲ್ಯಾಣ ವ್ಯವಸ್ಥೆಯ ಮುಂದೆ ಬಂದ 110 ಪಾಲಕರ ಮೇಲೆ ಪರೀಕ್ಷಿಸಿದರು. ಮಾರ್ಕ್ ಚಾಫಿನ್ ಮತ್ತು ಅವರ ಸಂಗಡಿಗರು 2004ರಲ್ಲಿ ಪ್ರಕಟಿಸಿದ ಫಲ ಹೀಗಿದೆ: ಸುಮಾರು 850 ದಿನಗಳ ಅವಧಿಯಲ್ಲಿ, ವಾಡಿಕೆಯ ಪಾಲಕರ ಸಭೆಗಳಿಗೆ ಹೋದವರಲ್ಲಿ ನೂರಕ್ಕೆ 49 ಜನರ ಮೇಲೆ ಮತ್ತೆ ದೂರು ಬಂದಿತು, ಈ ಕ್ರಮದಲ್ಲಿ ಅಭ್ಯಾಸ ಮಾಡಿದವರಲ್ಲಿ ನೂರಕ್ಕೆ 19 ಜನರ ಮೇಲೆ ಮಾತ್ರ. ಇನ್ನೂ ಒಂದು ಗುಂಪಿಗೆ ಇದೇ ಅಭ್ಯಾಸದ ಜೊತೆಗೆ ಬೇರೆ ಸೇವೆಗಳನ್ನು ಸೇರಿಸಿ ಕೊಟ್ಟಿದ್ದರು. ಹಾಗೆ ಸೇರಿಸಿದುದರಿಂದ ಫಲ ಹೆಚ್ಚಲಿಲ್ಲ. ಎಷ್ಟು ಕೊಟ್ಟೆವೆಂಬುದಕ್ಕಿಂತ ಯಾವುದನ್ನು ಅಭ್ಯಾಸ ಮಾಡಿಸಿದೆವೆಂಬುದು ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಗಾಜಿನ ಕೋಣೆ, ಕಿವಿಯ ಸಾಧನಗಳೆಲ್ಲ ಶ್ರೀಮಂತ ದೇಶದ ಮಾತೆಂದು ಆಕ್ಷೇಪಿಸಬಹುದು. ಅದಕ್ಕೆ ಉತ್ತರ ಬಡ ದೇಶಗಳಿಂದಲೇ ಬಂದಿದೆ. ಜಮೈಕ ದ್ವೀಪದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ಅವರು 1980ರ ದಶಕದಲ್ಲಿ ಬೆಳವಣಿಗೆ ಕುಂಠಿತವಾದ 129 ಶಿಶುಗಳನ್ನು ಆರಿಸಿಕೊಂಡು ಅಧ್ಯಯನ ನಡೆಸಿದರು. ಒಂದು ಭಾಗದ ಮನೆಗಳಿಗೆ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ಕಾಲ ವಾರಕ್ಕೊಮ್ಮೆ ಹೋಗಿ, ಮನೆಯಲ್ಲಿ ಮಾಡಿದ ಆಟಿಕೆಗಳಿಂದ ಮಗುವಿನೊಡನೆ ಆಡುವುದನ್ನು, ಮಾತಾಡುವುದನ್ನು ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ಮೇಲೆ ಆ ಮಕ್ಕಳು ದುಡಿಯುವ ವಯಸ್ಸಿಗೆ ಬಂದಾಗ, ಭೇಟಿ ಪಡೆದ ಮನೆಗಳ ಮಕ್ಕಳ ಸಂಪಾದನೆ ಉಳಿದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಾಗಿತ್ತೆಂದು 2014ರಲ್ಲಿ ಪ್ರಕಟವಾಯಿತು. ಇದೇ ಮಾದರಿಯನ್ನು ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿ ಪರೀಕ್ಷಿಸಿದಾಗಲೂ ಶಿಶುಗಳ ಬುದ್ಧಿವಿಕಾಸ ಹೆಚ್ಚಿತು.

ದಕ್ಷಿಣ ಆಫ್ರಿಕದ ಬಡ ಪ್ರಾಂತವೊಂದರಲ್ಲಿ ಹದಿಹರೆಯದ ಮಕ್ಕಳ ಕುಟುಂಬಗಳಿಗಾಗಿ 14 ಕೂಟಗಳ ಕ್ರಮವೊಂದನ್ನು 40 ಊರುಕೇರಿಗಳ 552 ಕುಟುಂಬಗಳಲ್ಲಿ ಪರೀಕ್ಷಿಸಿದರು. ಕಲಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. 2018ರಲ್ಲಿ ಪ್ರಕಟವಾದ ಫಲದಂತೆ ಹೊಡೆತಬಡಿತಗಳು ಕಡಿಮೆಯಾದವು. ಆದರೆ ಎಲ್ಲ ವಿಷಯಗಳಲ್ಲಿಯೂ ಸಮಾನ ಫಲ ಕಾಣಲಿಲ್ಲವೆಂಬುದನ್ನೂ ಆ ಸಂಶೋಧಕರು ಮರೆಮಾಚಲಿಲ್ಲ. ಇಂತಹ ಅನೇಕ ಪರೀಕ್ಷೆಗಳನ್ನು ತೂಗಿನೋಡಿದ ವಿಶ್ವ ಆರೋಗ್ಯ ಸಂಸ್ಥೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 2ರಿಂದ 17 ವರ್ಷದ ಮಕ್ಕಳ ಎಲ್ಲ ಪಾಲಕರಿಗೂ ಪ್ರಮಾಣಸಿದ್ಧ ತರಬೇತಿ ಸುಲಭವಾಗಿ ದೊರೆಯಬೇಕೆಂದು 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಸಲಹೆ ಮಾಡಿತು.

ಕಲಿಸುವ ವಿಷಯಗಳು

ದೇಶ, ಭಾಷೆ, ಹೆಸರುಗಳು ಬೇರೆಯಾದರೂ ಈ ಕ್ರಮಗಳಲ್ಲಿ ಬಹುಮಟ್ಟಿಗೆ ಸಮಾನವಾದ ಐದು ಅಂಶಗಳು ಕಾಣುತ್ತವೆ.

ಮೊದಲನೆಯದು, ದಿನಕ್ಕೆ ಹತ್ತು ಹದಿನೈದು ನಿಮಿಷ ಮಗುವಿನ ಇಚ್ಛೆಯಂತೆ ಅದರೊಡನೆ ಆಡುವುದು. ಆಗ ಪ್ರಶ್ನೆ ಕೇಳುವುದಿಲ್ಲ, ತಿದ್ದುವುದಿಲ್ಲ, ಅಪ್ಪಣೆ ಕೊಡಿಸುವುದಿಲ್ಲ. ಸಲಿಗೆ ಕೆಟ್ಟ ಮನೆಯಲ್ಲಿ ಶಿಸ್ತು ನಿಲ್ಲದಾದ್ದರಿಂದ ಇದನ್ನೇ ಮೊದಲು ಕಲಿಸುತ್ತಾರೆ.

ಎರಡನೆಯದು, ಒಳ್ಳೆಯ ನಡತೆಯನ್ನು ಕಂಡ ಕೂಡಲೇ ಹೆಸರಿಟ್ಟು ಮೆಚ್ಚುವುದು. ಬರಿದೇ ಜಾಣನೆಂದರೆ ಸಾಲದು. “ಕರೆದ ತಕ್ಷಣ ಬಂದೆಯಲ್ಲ, ಸಂತೋಷವಾಯಿತು” ಎಂದರೆ ತಾನು ಮಾಡಿದುದರಲ್ಲಿ ಯಾವುದು ಒಳ್ಳೆಯದೆಂದು ಮಗುವಿಗೆ ತಿಳಿಯುತ್ತದೆ.

ಮೂರನೆಯದು, ಅಪ್ಪಣೆಯ ಸ್ಪಷ್ಟತೆ. ಒಂದು ಸಲಕ್ಕೆ ಒಂದೇ ಮಾತು, ಮಗುವಿನ ಹತ್ತಿರ ಹೋಗಿ, ಸಮಾಧಾನದ ಸ್ವರದಲ್ಲಿ. ಅಡುಗೆಮನೆಯಿಂದ ಕೂಗಿ ಹೇಳಿದ ನಾಲ್ಕು ಕೆಲಸಗಳಲ್ಲಿ ಮಗು ಒಂದನ್ನೂ ಮಾಡದಿದ್ದರೆ ಅದು ಅವಿಧೇಯತೆಯೇ ಆಗಿರಬೇಕೆಂದಿಲ್ಲ.

ನಾಲ್ಕನೆಯದು, ತಪ್ಪಿಗೆ ಮೊದಲೇ ಹೇಳಿದ, ಚಿಕ್ಕದಾದ, ತಪ್ಪದೆ ನಡೆಸುವ ಪರಿಣಾಮ. ಹಟದ ಸಣ್ಣ ಅಳುವನ್ನು ಗಮನಿಸದಿರುವುದು, ಆಟದಿಂದ ಕೆಲವು ನಿಮಿಷ ದೂರವಿರಿಸುವುದು ಇತ್ಯಾದಿ. ಪರಿಣಾಮದ ಬಲವಿರುವುದು ಕಾಠಿಣ್ಯದಲ್ಲಿ ಅಲ್ಲ, ಸ್ಥಿರತೆಯಲ್ಲಿ.

ಐದನೆಯದು, ಪಾಲಕರು ತಮ್ಮ ಕೋಪವನ್ನು ತಾವೇ ಗುರುತಿಸಿ ತಡೆಯುವುದು. ಕೈ ಎತ್ತುವ ಮುನ್ನ ಅಂಗಳಕ್ಕಿಳಿದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಸಿಕ್ಕಿದರೂ ಎಷ್ಟೋ ಪೆಟ್ಟುಗಳು ತಪ್ಪುತ್ತವೆ.

ಪೂರ್ವೋಕ್ತ ಹುಡುಗನ ಮನೆಗೆ ಇದನ್ನು ಅನ್ವಯಿಸಿ ನೋಡಬಹುದು. ತಂದೆ ಸಂಜೆ ಮಗನೊಡನೆ ಹತ್ತು ನಿಮಿಷ ಕೂಡುತ್ತಾನೆ. ಶಾಲೆಗೆ ಹೋದ ದಿನ ಅದನ್ನು ಹೆಸರಿಟ್ಟು ಮೆಚ್ಚುತ್ತಾನೆ. ತಪ್ಪಿಸಿದ ದಿನ ಆಟವಿಲ್ಲವೆಂಬ ಮೊದಲೇ ಹೇಳಿದ ನಿಯಮವನ್ನು ಬೈಗುಳವಿಲ್ಲದೆ ನಡೆಸುತ್ತಾನೆ. ಶಾಲೆಯಲ್ಲಿ ಓದಲಾಗದ ನಾಚಿಕೆಯಿಂದಲೇ ಹುಡುಗ ಕೆರೆಯ ಏರಿಗೆ ಹೋಗುತ್ತಿದ್ದನೆಂಬುದು ಅಂತಹ ಯಾವುದೋ ಸಂಜೆ ಹೊರಬರಬಹುದು. ಬಾರುಕೋಲು ಎಂದೂ ಹೊರಗೆಡಹಲಾರದ ಸಂಗತಿಯದು.

ಕಲಿಸುವ ಬಗೆ

ಈ ಐದಂಶಗಳನ್ನು ಒಂದು ಭಾಷಣದಲ್ಲಿ ಹೇಳಿ ಮುಗಿಸಬಹುದು, ಕೇಳಿದವರು ತಲೆದೂಗಲೂಬಹುದು. ಆದರೆ ಭಾಷಣದಿಂದ ನಡತೆ ಬದಲಾಗುವುದಿಲ್ಲ. ಸೊರಬ ಸೀಮೆಯ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಚಿತ್ತಾರವನ್ನು ಇಲ್ಲಿ ನೆನೆಯಬಹುದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪನ್ನು ಪುಂಡಿನಾರಿನ ಕುಂಚದಿಂದ ಎಳೆಯುವ ಆ ನೇರ ಗೆರೆಗಳನ್ನು ಯಾವ ಹುಡುಗಿಯೂ ಕೇಳಿ ಕಲಿತವಳಲ್ಲ. ತಾಯಿಯ ಪಕ್ಕದಲ್ಲಿ ನಿಂತು, ಎಳೆದು, ತಪ್ಪಿ, ಒರಸಿ, ಮತ್ತೆ ಎಳೆದು ಕಲಿತವಳು. ಪಾಲಕ ಶಿಕ್ಷಣವೂ ಅಂತಹ ಕೈವಿದ್ಯೆ.

ಆದ್ದರಿಂದಲೇ ಪ್ರಮಾಣಸಿದ್ಧ ಕ್ರಮಗಳಲ್ಲಿ ಅಭ್ಯಾಸವೇ ಪ್ರಧಾನ. ಹತ್ತು ಹನ್ನೆರಡು ಪಾಲಕರ ಗುಂಪು ವಾರಕ್ಕೊಮ್ಮೆ ಸೇರುತ್ತದೆ. ಒಬ್ಬರು ಮಗುವಾಗಿ, ಒಬ್ಬರು ತಾಯಿಯಾಗಿ ಅಭಿನಯಿಸಿ ನೋಡುತ್ತಾರೆ. ಮನೆಯಲ್ಲಿ ಮಾಡಬೇಕಾದ ಒಂದೇ ಒಂದು ಕೆಲಸವನ್ನು ಹೇಳಿ ಕಳುಹಿಸುತ್ತಾರೆ. ಮರುವಾರ ಅದು ಹೇಗಾಯಿತೆಂದು ಕೇಳುತ್ತಾರೆ. ಕಲಿಸುವವರು ತಪ್ಪನ್ನು ಎತ್ತಿ ಆಡುವುದಿಲ್ಲ, ಸರಿಯಾದುದನ್ನು ಮೆಚ್ಚುತ್ತಾರೆ. ಪಾಲಕರು ಮಕ್ಕಳೊಡನೆ ಹೇಗೆ ನಡೆದುಕೊಳ್ಳಬೇಕೋ ಹಾಗೆಯೇ ಶಿಕ್ಷಕರು ಪಾಲಕರೊಡನೆ ನಡೆದುಕೊಳ್ಳುತ್ತಾರೆ. ಅವಮಾನಕ್ಕೊಳಗಾದ ತಂದೆ ಮಗನನ್ನು ಗೌರವಿಸಲು ಕಲಿಯುವುದು ದುಸ್ಸಾಧ್ಯ.

ಮಿತಿಗಳು

ಯಾವ ವಿದ್ಯೆಯನ್ನೇ ಆಗಲಿ ಅದರ ಮಿತಿಯನ್ನು ಹೇಳದೆ ಹೊಗಳುವುದು ಪಂಡಿತ ಧರ್ಮವಲ್ಲ. ‘ಪೋಷಕ’ನೆಂದರೆ ಉಣಿಸಿ ಬೆಳೆಸುವವನು, ‘ಪಾಲಕ’ನೆಂದರೆ ಕಾಯುವವನು. ಪೋಷಣೆಗೇ ಗತಿಯಿಲ್ಲದ ಮನೆಯಲ್ಲಿ ಪಾಲನೆಯ ಪಾಠ ಹೇಳುವುದು ಹಸಿದವನಿಗೆ ಊಟದ ಶಿಷ್ಟಾಚಾರ ಕಲಿಸಿದಂತೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ, ಅವರು ಕುಟುಂಬದಲ್ಲಿಯೇ ಉಳಿಯುವಂತಾಗಲು, ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವ ನೆರವನ್ನು ನಿಗದಿಪಡಿಸಲಾಗಿದೆ. ತರಬೇತಿಯೂ ನೆರವೂ ಒಂದಕ್ಕೊಂದು ಪೂರಕವಾಗಬೇಕೇ ಹೊರತು ಒಂದರ ಬದಲು ಇನ್ನೊಂದಾಗಬಾರದು.

ಎರಡನೆಯದಾಗಿ, ಲೈಂಗಿಕ ದೌರ್ಜನ್ಯ ನಡೆದಲ್ಲಿ, ಜೀವಕ್ಕೆ ಅಪಾಯವಿರುವಲ್ಲಿ ಮೊದಲು ಮಗುವಿನ ರಕ್ಷಣೆ. ಅಲ್ಲಿ 2012ರ ಪೋಕ್ಸೋ ಕಾಯಿದೆಯೂ ಪೊಲೀಸರೂ ಬೇಕು; ತರಬೇತಿಯ ಹೆಸರಿನಲ್ಲಿ ಅಪರಾಧವನ್ನು ಮುಚ್ಚುವುದು ಮಹಾಪಾಪ. ಮೂರನೆಯದಾಗಿ, ತಂದೆಯ ಕುಡಿತಕ್ಕೆ ವೈದ್ಯರ ಸಹಾಯ ಬೇಕು. ನಾಲ್ಕನೆಯದಾಗಿ, ಸಭೆಗೆ ತಾಯಂದಿರೇ ಬಂದು ತಂದೆ ಹೊರಗುಳಿದರೆ ಪಾಠ ಅರ್ಧವಾಗುತ್ತದೆ. ಮಕ್ಕಳನ್ನು ನಿಜವಾಗಿ ನೋಡಿಕೊಳ್ಳುವವರು ಅಜ್ಜಿಯಾದರೆ ಅವರನ್ನೂ ಕರೆಯಬೇಕು.

ಈ ಸೀಮೆಯಲ್ಲಿ ಆಗಬೇಕಾದುದು

ಸಮಿತಿ ಕುಳಿತುಕೊಳ್ಳುವುದು ಜಿಲ್ಲಾ ಕೇಂದ್ರದಲ್ಲಿ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿಲೋಮೀಟರು. ಸೊರಬದಿಂದ ಅದಕ್ಕೂ ಬಹಳ ದೂರ. ವಾರಕ್ಕೊಂದು ದಿನದ ಕೂಲಿ ಕಳೆದುಕೊಂಡು ಹತ್ತು ವಾರ ಅಷ್ಟು ದೂರ ಬರುವಂತೆ ಕೇಳಿದರೆ ಯಾವ ತಾಯಿಯೂ ಬರಲಾರಳು. ಪಾಠವೇ ಊರಿಗೆ ಹೋಗಬೇಕು.

ಅದಕ್ಕೆ ಬೇಕಾದ ಜನ ಊರಿನಲ್ಲಿಯೇ ಇದ್ದಾರೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಇಂದು ಹಳ್ಳಿಹಳ್ಳಿಗಳಲ್ಲಿವೆ. ಹುಟ್ಟಿನಿಂದ ಮೂರು ವರ್ಷದವರೆಗಿನ ಶಿಶುಗಳ ವಿಕಾಸಕ್ಕಾಗಿ ‘ನವಚೇತನ’ ಎಂಬ ರಾಷ್ಟ್ರೀಯ ಚೌಕಟ್ಟು 2024ರಲ್ಲಿ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ಮನೋವೈದ್ಯ ವಿಭಾಗದಲ್ಲಿ, ಸಂಕಟದಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವವರಿಗೆ ತರಬೇತಿ ಕೊಟ್ಟ ಅನುಭವವಿದೆ. ಇವೆಲ್ಲವನ್ನೂ ಕೂಡಿಸುವ ಕೊಂಡಿ ಮಾತ್ರ ಬೇಕಾಗಿದೆ.

ಆ ಕೊಂಡಿಯಾಗಲು ಮಠಗಳು ನಡೆಸುವ ಶಾಲೆಗಳಿಗೆ ವಿಶೇಷವಾದ ಅನುಕೂಲವುಂಟು. ಜನಕ್ಕೆ ಕಚೇರಿಯ ಬಾಗಿಲಲ್ಲಿ ಇರುವ ಭಯ ಮಠದ ಬಾಗಿಲಲ್ಲಿ ಇರುವುದಿಲ್ಲ. ಮನೆಯಲ್ಲಿ ಕಷ್ಟವಾದಾಗ “ಹುಡುಗನನ್ನು ಹಾಸ್ಟೆಲಿಗೆ ಸೇರಿಸಿಕೊಳ್ಳಿ ಬುದ್ಧಿ” ಎಂದು ಬಂದು ನಿಲ್ಲುವ ತಾಯಿಗೆ ಉಚಿತ ಪ್ರಸಾದ ನಿಲಯದ ಬಾಗಿಲು ತೆರೆದೇ ಇರುತ್ತದೆ, ಅದು ಸ್ತುತ್ಯವಾದುದೇ. ವಿದ್ಯೆಗಾಗಿ ನಿಲಯವನ್ನು ಸೇರಿದ ಹುಡುಗನಿಗೆ ಮನೆಯಿರುತ್ತದೆ. ಮನೆ ಮುರಿದುದಕ್ಕಾಗಿ ಸೇರಿದ ಹುಡುಗನಿಗೆ ರಜೆ ಬಂದರೆ ಹೋಗುವ ಜಾಗವಿರುವುದಿಲ್ಲ. ಇವರಿಬ್ಬರ ನಡುವಣ ಅಂತರವನ್ನು ಉಪಾಧ್ಯಾಯರು ಗುರುತಿಸಬೇಕು. ಎರಡನೆಯ ಹುಡುಗನನ್ನು ಸೇರಿಸಿಕೊಳ್ಳುವ ದಿನವೇ ಅವನ ತಾಯಿತಂದೆಗಳ ಪಾಠವೂ ಆರಂಭವಾಗಬೇಕು.

ಉಪಾಧ್ಯಾಯರು ಮಾಡಬಹುದಾದುದು ಇಷ್ಟು: ಪಾಲಕರ ಸಭೆಯನ್ನು ಅಂಕಪಟ್ಟಿ ಓದುವ ಸಭೆಯಾಗಿಸದೆ, ಅಭ್ಯಾಸದ ಕೂಟವಾಗಿಸುವುದು, ಸುಗ್ಗಿ ಮುಗಿದ ಮೇಲೆ, ಸಂಜೆಯ ಹೊತ್ತು, ತಾಂಡಾದಲ್ಲಾದರೆ ಲಂಬಾಣಿ ಬಲ್ಲವರನ್ನು ಜೊತೆಗಿರಿಸಿಕೊಂಡು ನಡೆಸುವುದು, ಆರಂಭದಲ್ಲಿ ಮತ್ತು ಕೊನೆಯಲ್ಲಿ ಮನೆಯ ಸ್ಥಿತಿಯನ್ನು ಗುರುತು ಹಾಕಿಕೊಂಡು, ಫಲವಿಲ್ಲದಿದ್ದರೆ ಕ್ರಮವನ್ನು ತಿದ್ದುವುದು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರು, ವಕೀಲರು, ಸಮಾಜಕಾರ್ಯ ಓದಿದವರು ಇದ್ದೇ ಇರುತ್ತಾರೆ; ವರ್ಷಕ್ಕೆ ಕೆಲವು ಸಂಜೆಗಳನ್ನು ಅವರು ಕೊಡಬಹುದು.

ದಾನಿಗಳ ವಿಷಯದಲ್ಲಿ ಒಂದು ಮಾತು ಅನಿವಾರ್ಯ. ಕೊಠಡಿ ಕಟ್ಟಿಸಿದರೆ ಬಾಗಿಲ ಮೇಲೆ ಹೆಸರಿನ ಕಲ್ಲು ನಿಲ್ಲುತ್ತದೆ. ಮನೆಮನೆಗೆ ಹೋಗುವ ಒಬ್ಬ ತರಬೇತಾದ ಕಾರ್ಯಕರ್ತೆಯ ಸಂಬಳಕ್ಕೆ ಕೊಟ್ಟ ಹಣ ಯಾವ ಕಲ್ಲಿನಲ್ಲಿಯೂ ಕಾಣುವುದಿಲ್ಲ. ಆದರೆ ಜಮೈಕದ ಉದಾಹರಣೆ ನೋಡಿದರೆ, ಇಪ್ಪತ್ತು ವರ್ಷಗಳ ಮೇಲೆಯೂ ಫಲ ಕೊಟ್ಟುದು ವಾರಕ್ಕೊಮ್ಮೆ ಬಾಗಿಲು ತಟ್ಟಿದ ಆ ಸಾಮಾನ್ಯ ಹೆಂಗಸರ ಕೆಲಸವೇ.

ಉಪಸಂಹಾರ

ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಮಕ್ಕಳ ಬಗ್ಗೆ ಹೇಳುವುದು ರೂಢಿ. ಮರವಾದ ಮೇಲೂ ಮನುಷ್ಯ ಬಾಗಬಲ್ಲನು, ಬೆತ್ತ ಹಿಡಿದ ಕೈಯೂ ಬೇರೆ ಪಾಠ ಕಲಿಯಬಲ್ಲುದು ಎಂಬುದನ್ನು ಮೇಲಿನ ಪರೀಕ್ಷೆಗಳು ತೋರಿಸಿವೆ. ಹೊಡೆದ ತಂದೆಯೂ ಬಹುಮಟ್ಟಿಗೆ ಹೊಡೆತ ತಿಂದು ಬೆಳೆದವನೇ. ಅವನಿಗೆ ತಿಳಿದ ಒಂದೇ ವಿದ್ಯೆಯನ್ನು ಅವನು ಮುಂದಿನವರಿಗೆ ದಾಟಿಸಿದ್ದಾನೆ. ಅವನನ್ನು ದಂಡಿಸಿ ಸುಮ್ಮನಾದರೆ ಆ ವಿದ್ಯೆಯೇ ಮುಂದುವರಿಯುತ್ತದೆ. ಅವನಿಗೆ ಬೇರೊಂದು ವಿದ್ಯೆಯನ್ನು, ಅದೂ ಒರೆಗೆ ಹಚ್ಚಿ ಗೆದ್ದ ವಿದ್ಯೆಯನ್ನು, ಗೌರವದಿಂದ ಕಲಿಸಿದರೆ ಸರಪಳಿಯ ಆ ಕೊಂಡಿ ಕಳಚುತ್ತದೆ.

ಅಕ್ಷರ, ಅನ್ನ, ಔಷಧಗಳನ್ನು ಒಂದೆಡೆ ಕೂಡಿಸಿದ ಬಳ್ಳಿಗಾವೆಯ ನೆಲದಲ್ಲಿ ಈ ನಾಲ್ಕನೆಯ ದಾನವೂ ಸೇರುವಂತಾಗಲಿ. ಆಗ ‘ಶಿಕ್ಷೆ’ ಎಂಬ ಶಬ್ದವು ಶಾಲೆಯಲ್ಲಿ ಮಾತ್ರವಲ್ಲದೆ ಮನೆಯಲ್ಲಿಯೂ ತನ್ನ ಮೊದಲಿನ ಅರ್ಥವನ್ನು ಮರಳಿ ಪಡೆದೀತು.